ಬೆರಳು ಬಿಚ್ಚಿ ನಿಲ್ರಿ, ಬಾಯಾರ!

"ಸರೀರಿ... ಸರೀರಿ... ಕಾಲು ಪೆಡಲಿನ ಮ್ಯಾಲ ನಿಂದ್ರವಲ್ದು!"

ಭಾಲ್ಕಿಯ ಬಜಾರಿನಲ್ಲಿ ಕೂಗುತ್ತಲೇ ಬಂದ ನರ್ಸ್ ಲಲಿತಾಬಾಯಿಯ ಸೈಕಲ್, ಜ್ಞಾನೇಶ್ವರನ ಸೈಕಲ್ ಅಂಗಡಿ ಮುಂದಿದ್ದ ಪಂಕ್ಚರ್ ನೋಡುವ ಬೋಗುಣಿಗೆ ಗುದ್ದಿ ನಿಂತಿತು. ನೀರೆಲ್ಲ ನೆಲದ ಪಾಲು! ಒಂದು ಚಪ್ಪಲಿ ಅತ್ತ, ಒಂದು ಇತ್ತ. ಬರಿಗಾಲನ್ನು ಕೆಸರಿನಲ್ಲಿ ಊರಿ, ಲಲಿತಾ ಹೇಗೋ ಬೀಳದೆ ಉಳಿದಳು.

ಜ್ಞಾನೇಶ್ವರ ಓಡಿ ಬಂದು ಸೈಕಲ್ ಹಿಡಿದ. ಅವಳು ಕಾಲು ಎತ್ತಿದ್ದೇ ತಡ, ಕೆಸರಿನಲ್ಲಿ ಮೂಡಿದ ಹೆಜ್ಜೆಯ ಮೇಲೆ ಅವನ ಕಣ್ಣು ನೆಟ್ಟಿತು.

"ಅರೇ... ಎಷ್ಟು ಅಗಲ ಅದರಿ ನಿಮ್ಮ ಪಾದ!"

ಲಲಿತಾಳ ಮೈಯೆಲ್ಲ ಉರಿದುಹೋಯಿತು. ಮತ್ತೆ ಇದೇ ಮಾತು! ಹೋದ ವರ್ಷ ಕಮಲನಗರದಿಂದ ಹೆಣ್ಣು ನೋಡಲು ಬಂದವರೂ ಇದನ್ನೇ ಆಡಿಕೊಂಡು ಎದ್ದು ಹೋಗಿದ್ದರು. ಚಿಕ್ಕಂದಿನಿಂದ ಬರಿಗಾಲಲ್ಲಿ ಕುರಿಗಳ ಹಿಂದೆ ಅಲೆದ ಪಾದ, ಇನ್ನು ಹೇಗಿರಬೇಕಿತ್ತು?

"ಸೈಕಲ್ ನೋಡೋರಿಗಿ ಕಾಲಿನ ಉಸಾಬರಿ ಯಾಕ್ರಿ?"

"ತಪ್ಪು ತಿಳ್ಕೋಬ್ಯಾಡ್ರಿ ಬಾಯಾರ! ಪೆಡಲಿನ ರಬ್ಬರ್ ಸವದು ಹೋಗ್ಯಾವ. ಈ ಚಪ್ಪಲಿ ಜಾರ್ತಾವ. ನಿಮಗ ಬೂಟು ಬೇಕು!"

ಹಾಳಾದವನು... ಆಡಿದ್ದು ಮಾತ್ರ ಖರೆ.

ನಿಜಾಮನ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಆಕ್ಷನ್ ಮುಗಿದು ಒಂದೆರಡು ವರ್ಷವಾಗಿತ್ತು. ಹೊಸ ಸರಕಾರ ಔರಾದದ ಹಳ್ಳಿಗಳಲ್ಲಿ ಬಾಣಂತಿಯರನ್ನು ನೋಡುವ ಕೆಲಸ ಕೊಡುತ್ತೇನೆಂದು ಲಲಿತಾಳ ಕೈಗೆ ಹಳೆಯ ಸೈಕಲ್ ಒಂದನ್ನು ಕೊಟ್ಟಿತ್ತು. ತಿಂಗಳ ಕೊನೆಗೆ ಬೀದರಿನ ದೊಡ್ಡ ಡಾಕ್ಟರ ಎದುರು ಅದನ್ನು ಹೊಡೆದು ತೋರಿಸಬೇಕು. ಆಗದಿದ್ದರೆ ಕೆಲಸ ಬೇರೆಯವರಿಗೆ. ಆಮೇಲೆ? ಮನೆಯಲ್ಲಿ ಕೂತು, ಇನ್ಯಾರೋ ಬಂದು ತನ್ನ ಕಾಲು ನೋಡುವುದನ್ನು ಕಾಯಬೇಕು!

ಅವಳು ಬೀದರಿನ ಬಜಾರನ್ನೆಲ್ಲ ಜಾಲಾಡಿದಳು. ಹೈದರಾಬಾದಿನಿಂದ ಬಂದ ಹೆಂಗಸರ ಬೂಟಿನೊಳಗೆ ಅವಳ ಪಾದ ಅರ್ಧಕ್ಕೇ ಸಿಕ್ಕಿಕೊಂಡಿತು. ಸಿಪಾಯಿಗಳ ಬೂಟು ಅಗಲಕ್ಕೇನೋ ಸರಿಹೋಯಿತು, ಆದರೆ ಅದರ ಉದ್ದನೆಯ ಮೂತಿ ತಿರುವಿನಲ್ಲಿ ಮುಂದಿನ ಗಾಲಿಗೆ ಬಡಿಯಿತು. ಕೊನೆಗೆ ಬೇರೆ ದಾರಿಯಿಲ್ಲದೆ ಅದೇ ಸೈಕಲ್ ಅಂಗಡಿಗೆ ಬಂದಳು, ಜೊತೆಗೆ ಅವ್ವ ಶಾಂತಾಬಾಯಿಯನ್ನು ಕರೆದುಕೊಂಡು.

"ಬೀದರದಾಗ ಚಾಂದ ಪಾಶಾ ಅಂತ ಅದಾರ್ರಿ," ಎಂದ ಜ್ಞಾನೇಶ್ವರ. "ನಿಜಾಮನ ಅಫಸರರಿಗಿ ಬೂಟು ಹೊಲೀತಿದ್ರು. ಈಗ ಅಫಸರರೂ ಇಲ್ಲ, ಕೆಲಸಾನೂ ಇಲ್ಲ. ಅಳತಿ ಕೊಡ್ರಿ, ಹೊಲಿಸ್ಕೊಂಡು ಬರ್ತೇನಿ."

ಚರ್ಮದ ತುಂಡು ಹಾಸಿ, ಸೀಮೆಸುಣ್ಣವನ್ನು ಅವ್ವನಿಗೆ ಕೊಟ್ಟು, ಅವನು ಮುಖ ಆಚೆ ತಿರುಗಿಸಿಕೊಂಡ. ಕಣ್ಣು ಮಂಜಾದ ಅವ್ವ ಸೀರೆಯ ನೆರಿಗೆಯೊಳಗೆ ಕೈ ತೂರಿಸಿ, ಬಗ್ಗಿ ಗೆರೆ ಎಳೆದಳು.

'ನೋಡಲೂ ಆಗದಷ್ಟು ಅಸಹ್ಯವೇ ನನ್ನ ಕಾಲು?' ಲಲಿತಾ ಅವನ ತಿರುಗಿದ ಮುಖವನ್ನೇ ನೋಡಿದಳು. 'ಆದರೆ... ಇವನು ನೋಡಿದರೇನು, ಬಿಟ್ಟರೇನು? ನನಗ್ಯಾಕೆ ಸಂಕಟ?'

ಬೂಟು ಬಂತು. ಮೆತ್ತನೆಯ ಕಂದು ಚರ್ಮ, ಜಾರದ ಗಟ್ಟಿ ಅಡಿ. ಲಲಿತಾ ಆಸೆಯಿಂದ ಕಾಲು ತೂರಿಸಿದಳು... ಅಬ್ಬಾ! ಬೆರಳುಗಳ ಜೀವವೇ ಹೋದಂತಾಯಿತು.

"ಅಳತಿ ಪ್ರಕಾರನೇ ಹೊಲಿಸೇನ್ರಿ..." ಜ್ಞಾನೇಶ್ವರ ತಬ್ಬಿಬ್ಬಾದ.

"ಆವತ್ತು ನನ್ನ ಕಾಲು ನೋಡಿ ನಕ್ಕೋರು ನೀವು! ಹೆಣ್ಣಿನ ಪಾದ ಇಷ್ಟೇ ಇರ್ಬೇಕಂತ ಕಲಿಸ್ಲಿಕ್ಕ ಹೊಲಿಸೀರೇನು?"

"ನಾ ನಕ್ಕಿಲ್ರಿ!"

ಆದರೆ ಅವಳು ಬೂಟು ಎಸೆದು ಹೋಗಿಯಾಗಿತ್ತು.

ಮನೆಯಲ್ಲಿ ಅಳುತ್ತ ಕೂತವಳನ್ನು ಅವ್ವ ಎಬ್ಬಿಸಿದಳು. "ಅಳತಿ ಕೊಟ್ಟಾಗ ಹ್ಯಾಂಗ ನಿಂತಿದ್ದಿ? ಹಂಗೇ ನಿಲ್ಲು, ನೋಡೂಣು."

ಲಲಿತಾ ನಿಂತಳು. ಅವ್ವನ ಕೈ ಮಗಳ ಪಾದವನ್ನು ತಡವುತ್ತ ಬಂದು, ಬೆರಳುಗಳ ಹತ್ತಿರ ನಿಂತುಬಿಟ್ಟಿತು.

"ಅಯ್ಯ ನನ್ನವ್ವಾ! ಬೆರಳು ಮುದುರೀಯಲ್ಲ!" ಅವ್ವನ ದನಿ ಒಡೆಯಿತು. "ಹೆಣ್ಣು ನೋಡ್ಲಿಕ್ಕ ಬಂದಾಗ ಹಿಂಗ ನಿಲ್ಲಂತ ನಾನೇ ಕಲಿಸಿದ್ದೆ... ಬೂಟಿನ ಅಳತಿಗೂ ಹಂಗೇ ನಿಂತೀಯೇನ?"

ನಿಜ! ಯಾರೋ ತನ್ನ ಕಾಲನ್ನು ಅಳೆಯುತ್ತಾರೆ ಎಂದ ಕೂಡಲೇ ಬೆರಳುಗಳು ತಾವಾಗಿಯೇ ಮುದುಡಿಕೊಂಡಿದ್ದವು. ಪಾಪ, ಆ ಮನುಷ್ಯ ಮಾಡಿದ ತಪ್ಪೇನು? ಲಲಿತಾ ಬಜಾರಿಗೆ ಓಡಿದಳು.

ಅಂಗಡಿಯ ಮುಂದೆ, ಅವಳು ಇಷ್ಟು ದಿನ ಗಮನಿಸಿರದ ಒಂದು ಹಳೆಯ ಟೈರು ನೆಲದ ಮೇಲೆ ಮಲಗಿತ್ತು. ಗಿರಾಕಿಗಳು ಅದನ್ನು ಸುತ್ತಿ ಹೋಗುತ್ತಿದ್ದರು. ಬಗ್ಗಿ ನೋಡಿದರೆ... ಟೈರಿನ ನಡುವೆ, ಒಣಗಿ ಗಟ್ಟಿಯಾದ ಕೆಸರಿನಲ್ಲಿ, ತನ್ನದೇ ಹೆಜ್ಜೆ!

"ಇದನ್ನ ಯಾಕ ಹಿಂಗ ಇಟ್ಟೀರಿ?"

ಜ್ಞಾನೇಶ್ವರ ಕೆಂಪಾದ. "ಕಸ ಹೊಡೀಲಿಕ್ಕ ಮನಸಾಗ್ಲಿಲ್ರಿ. ಬೆರಳೆಲ್ಲ ಬಿಚ್ಚಿ ಹ್ಯಾಂಗ ಗಟ್ಟಿ ನಿಂತದ ನೋಡ್ರಿ! ನಮ್ಮವ್ವಂದೂ ಇಂಥಾದ್ದೇ ಪಾದ. ಛಂದ ಅನಿಸ್ತು... ಅದಕ್ಕೇ ಹಂಗಂದೆ."

"ಮತ್ತ ಆವತ್ತು ಮುಖ ಯಾಕ ತಿರುವಿದ್ರಿ?"

"ನೀವು ಮತ್ತ ಬೈತೀರಂತ ಅಂಜಿದ್ದೆ!"

ಲಲಿತಾಳಿಗೆ ನಗು ಬಂತು, ಅದರ ಹಿಂದೆಯೇ ಅಳು. "ತಪ್ಪು ನಂದರಿ. ಬೆರಳು ಮುದುರಿ ಅಳತಿ ಕೊಟ್ಟೆ. ಖರೇ ಅಳತಿ... ಇದೇ."

ಅವನು ನಗಲಿಲ್ಲ. ಒಳಗಿನಿಂದ ಇನ್ನೊಂದು ಚರ್ಮದ ತುಂಡು ತಂದು ಹಾಸಿದ.

"ಹಂಗಾದ್ರ, ಬೆರಳು ಬಿಚ್ಚಿ ನಿಲ್ರಿ, ಬಾಯಾರ."

ಲಲಿತಾ ನೆರಿಗೆಯನ್ನು ತುಸು ಎತ್ತಿ ಹಿಡಿದಳು. "ಈ ಸಲ ಗೆರಿ ನೀವೇ ಎಳೀರಿ," ಎಂದಳು ಮೆಲ್ಲಗೆ.

ಚಾಂದ ಪಾಶಾ ಹೊಲಿದ ಎರಡನೆಯ ಬೂಟಿನಲ್ಲಿ ಅವಳ ಬೆರಳುಗಳು ಹಾಯಾಗಿ ಕೂತವು. ಡಾಕ್ಟರ ಎದುರು ಸೈಕಲ್ ಒಮ್ಮೆಯೂ ಆಯ ತಪ್ಪಲಿಲ್ಲ. ಔರಾದದ ಕೆಲಸ ಲಲಿತಾಳದ್ದಾಯಿತು!

ಅದರ ಬೆನ್ನಿಗೇ ಜ್ಞಾನೇಶ್ವರನ ತಾಯಿ ಅಂಜನಾಬಾಯಿ ಮಗನೊಂದಿಗೆ ಹೆಣ್ಣು ನೋಡಲು ಬಂದರು.

ಲಲಿತಾ ಚಹಾ ಕೊಟ್ಟು ನಿಂತಳು. ಬೆರಳುಗಳು ಮುದುಡಲು ಹವಣಿಸಿದವು. ಅವಳು ಬಿಡಲಿಲ್ಲ. ಅಂಜನಾಬಾಯಿ ಅವಳ ಪಾದವನ್ನು ನೋಡಿದರು, ಆಮೇಲೆ ತಮ್ಮ ಪಾದವನ್ನು.

"ಲೇ ಜ್ಞಾನ್ಯಾ, ಈಕಿಗಿ ಹೊಲಿಸಿದಂಥಾ ಬೂಟು ನನಗ ಯಾವಾಗೋ?"

ಎಲ್ಲರೂ ನಕ್ಕರು. ನಗುತ್ತಲೇ ಅವರು ರೂಢಿಯ ಮಾತು ಆಡಿದರು. "ಎಲ್ಲಿ, ಜರಾ ನಡದು ತೋರ್ಸವ್ವ."

ಲಲಿತಾ ಜ್ಞಾನೇಶ್ವರನ ಕಡೆ ನೋಡಿದಳು. "ನಡೀಲೇನ್ರಿ?"

"ಬ್ಯಾಡ್ರಿ. ಬೂಟು ಹಾಕ್ಕೋರಿ. ಸೈಕಲ್ ಹೊರಗ ಅದ. ಔರಾದದ ತನಕ ನಾನೂ ಬರ್ತೇನಿ... ಜನಮ ಪೂರಾ ಬರ್ತೇನಿ, ನೀವು ಹೂಂ ಅಂದ್ರ."

ಲಲಿತಾಳ ಕಣ್ಣು ತುಂಬಿತು. "ಹೂಂ... ಆದ್ರ ನೀವು ಹಿಂದ ಉಳಿದ್ರ ನಾ ನಿಲ್ಲಂಗಿಲ್ಲ, ನೋಡ್ರಿ!"

"ನಿಲ್ಲಬ್ಯಾಡ್ರಿ," ಎಂದ ಅವನು. "ಅಂಥಾ ಹೆಜ್ಜಿ ಈ ಮುಲಕಿನಾಗ ಇನ್ನೊಂದಿಲ್ಲ. ಹುಡುಕ್ಕೊಂಡು ಬರ್ತೇನಿ."