ಎರಡರ ಬಸ್ಸಿನ ಗುಳಿಗೆ

"ಡಾಕ್ಟ್ರ, ನಶಾ ಬರೂ ಗುಳಿಗಿ ಮಾತ್ರ ಬರೀಬ್ಯಾಡ್ರಿ... ಎಷ್ಟ ನೋವಾದ್ರೂ ತಡಕೊಂತೇನಿ!"

ಆ ದನಿಗೆ ಭಾಗ್ಯಾ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ತಿರುಗಿ ನೋಡಿದಳು.

ಬೈಲಹೊಂಗಲದ ಈ ಹಲ್ಲಿನ ದವಾಖಾನೆಗೆ ಅವಳು ಕೆಲಸಕ್ಕೆ ಸೇರಿ ಎರಡು ವರ್ಷ. ಆ ಕುರ್ಚಿಯಲ್ಲಿ ಒಂದು ದಿನ ತನ್ನ ಗಂಡ ಪರಶುವೇ ಕೂತಿರುತ್ತಾನೆಂದು ಎಣಿಸಿರಲಿಲ್ಲ!

ಅವನು ಓಡಿಸುತ್ತಿದ್ದ ಲಾರಿ ಪಲ್ಟಿಯಾಗಿ ಕಾಲು ಮುರಿದಾಗ ಚಟ ಹತ್ತಿದ ಕೆಂಪು ಗುಳಿಗೆ ಅದು. ಕಾಲು ಕೂಡಿತು, ಗುಳಿಗೆ ಬಿಡಲಿಲ್ಲ. ಕೊನೆಗೆ ಮನೆ ಬಿಟ್ಟವಳು ಭಾಗ್ಯಾ.

'ಬಿಟ್ಟೇನಿ ಅಂತ ಎಷ್ಟು ಸಲ ಆಣೆ ಮಾಡಿದ್ದರು...'

ಡಾಕ್ಟರ್ ತಬಸ್ಸುಮ್ ಬುದ್ಧಿಹಲ್ಲು ಕಿತ್ತು ಹೇಳಿದರು, "ಸಾದಾ ಗುಳಿಗಿನ ಸಾಕು. ಆದ್ರ ಊಟ ಮಾಡಿ, ಹೊತ್ತಿಗೆ ಸರಿಯಾಗಿ ತಗೋರಿ. ನೋವು ಏರೂತನಕ ಕಾಯಬ್ಯಾಡ್ರಿ. ಇವತ್ತು ಗಲ್ಲಕ್ಕ ಬರ್ಫ, ನಾಳಿಂದ ಬೆಚ್ಚನ ಉಪ್ಪುನೀರು."

ಬಾಯಲ್ಲಿ ಹತ್ತಿ ಕಚ್ಚಿಕೊಂಡಿದ್ದ ಪರಶು ಭಾಗ್ಯಾಳನ್ನು ಒಮ್ಮೆ ನೋಡಿದ. ಹೊರಟೇಹೋದ.

'ಮನೆಯಲ್ಲಿ ಒಬ್ಬರೇ. ನೋವು ತಡೆಯದಿದ್ದರೆ...?'

ಮರುದಿನ ಅವಳು ಅರ್ಧ ದಿನ ರಜೆ ಹಾಕಿ ಗಂಡನ ಊರು ದೊಡವಾಡದ ಬಸ್ಸು ಹತ್ತಿದಳು. ಎರಡಕ್ಕೆ ಮುಟ್ಟಬೇಕಾದ ಬಸ್ಸು ದಾರಿಯಲ್ಲಿ ಪಂಕ್ಚರಾಗಿ, ಮುಟ್ಟಿದಾಗ ಮೂರೂವರೆ.

ಬಾಗಿಲಲ್ಲೇ ಅವಳು ನಿಂತುಬಿಟ್ಟಳು. ಗಂಡನ ಹಳೇ ಗೆಳೆಯ ಲಗಮಪ್ಪನ ಕೈಯಲ್ಲಿ ಅದೇ ಕೆಂಪು ಗುಳಿಗೆ!

"ಮತ್ತ ಶುರು ಮಾಡಿದ್ರಿ! ನಾನ ಹುಚ್ಚಿ, ನಂಬಿ ಬಂದೆ!"

ಪರಶುವಿನ ಗಲ್ಲ ಊದಿತ್ತು, ಹಣೆ ಬೆವೆತಿತ್ತು. ಅಲ್ಲೇ ಕೂತಿದ್ದ ಪಕ್ಕದ ಮನೆಯ ಮುದುಕಿ ಗುರವ್ವ ಸುಮ್ಮನಿರುವಳೇ?

"ಬಾಯಿ ಮುಚ್ಚ ತಂಗಿ! ಮುಂಜಾನಿಂದ ಈ ಭಾಡ್ಯಾ ಮೂರ ಸಲ ತಂದಾನ, ಮೂರೂ ಸಲ ನಿನ್ ಗಂಡ ಹೊಳ್ಳಿ ಕಳಿಸ್ಯಾನ. ನನ್ನ ಕೈ ಮ್ಯಾಲೆ ನನಗ ನಂಬಿಕಿಲ್ಲಬೇ ಆಯಿ ಅಂತ ಸಾದಾ ಗುಳಿಗೀನೂ ನನ್ನ ಕಡೆ ಇಟ್ಟಾನ. ನನಗೆಲ್ಲಿ ಗಡಿಯಾರ ತಿಳೀತೈತಿ? ಎರಡರ ಬಸ್ ಬಂದ ಮ್ಯಾಲೆ ಕೊಡತೇನಿ ಅಂದಿದ್ದೆ. ಬಸ್ ಬರಲಿಲ್ಲ, ಇಂವ ಗುಳಿಗಿ ಕೊಡು ಅಂತ ಕೇಳಲಿಲ್ಲ!"

ಲಗಮಪ್ಪ ಮೆಲ್ಲಗೆ ಜಾರಿಕೊಂಡ.

ಭಾಗ್ಯಾಳ ಕಣ್ಣು ತುಂಬಿ ಬಂತು. ಒಂದೂವರೆ ತಾಸು... ಮುದುಕಿಯ ಒಂದು ಮಾತಿಗಾಗಿ ಹಲ್ಲುಕಚ್ಚಿ ಕೂತ ಈ ಮನುಷ್ಯ! ದೊಡ್ಡ ಲಾರಿ ಓಡಿಸುವಾಗಲೂ ಅವನು ಅವಳಿಗೆ ಇಷ್ಟು ದೊಡ್ಡವನಾಗಿ ಕಂಡಿರಲಿಲ್ಲ.

"ಡಾಕ್ಟ್ರು ಹೊತ್ತಿಗೆ ಸರಿಯಾಗಿ ಅಂದಿದ್ರು... ಬಸ್ಸಿಗೆ ಅಲ್ಲ!" ಬೈಯುತ್ತಲೇ ಅವಳು ನುಚ್ಚಿಗೆ ಮಜ್ಜಿಗೆ ಕಲಸಿ ಉಣಿಸಿದಳು, ಗುಳಿಗೆ ಕೊಟ್ಟಳು.

"ಆ ಕೆಂಪು ಗುಳಿಗಿ ಬಿಟ್ಟು ಎಷ್ಟ ದಿನಾತ್ರಿ?"

"ಎಂಟ ತಿಂಗಳು."

"ಒಂದ ಮಾತ ಹೇಳಾಕ ಬರಲಿಲ್ಲ?"

"ಮದ್ಲ ಭಾಳ ಸಲ ಹೇಳಿದ್ನಲ್ಲ... ಈ ಸಲ ಮಾಡಿ ತೋರಸಬೇಕಂತ ಇದ್ದೆ."

ಅವಳು ಅವನ ಊದಿದ ಗಲ್ಲವನ್ನು ಮೆತ್ತಗೆ ಮುಟ್ಟಿದಳು.

"ಮುಂದಿನ ಗುಳಿಗಿ ಎಂಟಕ್ಕ," ಎಂದಳು.

"ನಿನ್ನ ಬಸ್ಸು ಆರಕ್ಕ ಐತಿ," ಎಂದ ಅವನು ನೆಲ ನೋಡುತ್ತ.

"ಹೋಗಲಿ ಬಿಡ್ರಿ ಅದು... ನನ್ನ ಸೀಟ ಖಾಲಿ!"