ಓಡದ ಸೈನ್ಯ

"ಏ ತಮ್ಮಾ, ಭಾಲೆ ಹಂಗ ಹಿಡದ್ರ ನಿನ್ನ ಕಣ್ಣಿಗೇ ಚುಚ್ಚಕೋತಿ ನೋಡು."

ಕುದುರೆಯ ಮೇಲಿದ್ದವನು ಬಗ್ಗಿ ಹೇಳಿದ. ಕೆಳಗೆ ನಿಂತ ಸೈನಿಕನ ಕೈಯಲ್ಲಿ ಈಟಿ, ಮೈಮೇಲೆ ಕರಿ ಅಂಗಿ, ತಲೆಗೆ ಕರಿ ಪಟಕಾ, ಗೋಂದು ಹಚ್ಚಿ ಅಂಟಿಸಿದ ಮೀಸೆ. ಆ 'ತಮ್ಮ' ತಲೆ ಎತ್ತಿದಾಗ ಬಂದದ್ದು ಹೆಣ್ಣು ದನಿ.

"ತಮ್ಮ ಅಲ್ರಿ, ಶೇವಂತಾ. ಭಾಲೆ ನನಗ ಹೊಸಾದು. ಕುಡಗೋಲು ಕೊಟ್ಟ ನೋಡ್ರಿ, ಹೆಂಗ ಹಿಡೀತೇನಿ ಅಂತ."

ಸವಾರ ಗಡಬಡಿಸಿ ಲಗಾಮು ಎಳೆದ. ಕುದುರೆ ಹಿಂದೆ ಸರಿದು ಅವನನ್ನೇ ಕೆಡವುವುದರಲ್ಲಿತ್ತು. ಸುತ್ತಲಿನ ಹೆಂಗಸರು ಉದುರದಂತೆ ಮೀಸೆ ಹಿಡಿದುಕೊಂಡು ನಕ್ಕರು.

ಅದು ಎಂಬತ್ತೆಂಟರ ಬೇಸಿಗೆ. ಅಥಣಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಬಯಲಿಗೆ ಮುಂಬಯಿಯ ಸಿನಿಮಾದವರು ಬಂದು ಇಳಿದಿದ್ದರು. ಯಾವುದೋ ಕಾಲದ ಇಬ್ಬರು ರಾಜರ ದೊಡ್ಡ ಯುದ್ಧದ ಕಥೆ. ಕಟ್ಟಿಗೆಯ ಫಿರಂಗಿ, ತಗಡಿನ ಕತ್ತಿ, ಬಣ್ಣ ಬಳಿದ ಕೋಟೆ ಎಲ್ಲ ತಂದಿದ್ದರು. ಸೈನಿಕರನ್ನು ಮಾತ್ರ ಇಲ್ಲೇ ಹುಡುಕಬೇಕಿತ್ತು. ಲಗ್ನದ ದಿನಗಳು, ಗಂಡಸರು ಸಾಲಲಿಲ್ಲ. ಆಳು ಕೂಡಿಸುವ ಗುತ್ತೇದಾರ ಅಣ್ಣಾಸಾಬ ದ್ರಾಕ್ಷಿ ತೋಟದ ಕೂಲಿ ಹೆಂಗಸರನ್ನು ಕರೆತಂದು ಮೀಸೆ ಅಂಟಿಸಿಬಿಟ್ಟ. ಅಷ್ಟು ದೂರದ ಕ್ಯಾಮೆರಾಕ್ಕೆ ಏನು ತಿಳಿಯುತ್ತದೆ?

ಕೆಂಪು ಪಟಕಾದವರು ಗೆಲ್ಲುವವರು, ಕುದುರೆಯ ಮೇಲೆ. ಕುದುರೆ ಇದ್ದವರೆಂದರೆ ಓಟದ ಶರ್ಯತ್ತಿನ ಹುಚ್ಚಿರುವ, ಕಬ್ಬು ದ್ರಾಕ್ಷಿಯ ಮನೆತನಗಳ ಮಕ್ಕಳು. ಕರಿ ಪಟಕಾದವರು ಸೋಲುವವರು, ಕಾಲ್ನಡಿಗೆಯಲ್ಲಿ. ಅವರೆಲ್ಲ ಅದೇ ಮನೆತನಗಳ ಹೊಲದಲ್ಲಿ ದುಡಿಯುವವರು. ಹಾಗೆ ಹಂಚಬೇಕೆಂದು ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ.

ಶೇವಂತಾಗೆ ಇಪ್ಪತ್ತೆರಡು. ಮ್ಯಾಟ್ರಿಕ್ ಪಾಸಾಗಿದ್ದಳು. ಅಪ್ಪ ದಶರಥ ಸರಕಾರಿ ದವಾಖಾನೆಯಲ್ಲಿ ಸಿಪಾಯಿ. ಅವರದು ಬೌದ್ಧಧರ್ಮ ಹಿಡಿದ ದಲಿತರ ಓಣಿಯ ಮೊದಲ ಮನೆ. ಕುದುರೆ ಸವಾರ ರಾವಸಾಹೇಬ, ವಿರುಪಾಕ್ಷಪ್ಪನ ಹಿರಿಯ ಮಗ. ಶೇವಂತಾ ದ್ರಾಕ್ಷಿ ಬಿಡಿಸಲು ಹೋಗುತ್ತಿದ್ದದ್ದು ಅದೇ ವಿರುಪಾಕ್ಷಪ್ಪನ ತೋಟಕ್ಕೆ. ಎರಡು ವರ್ಷ ಹೋದರೂ ಮಗ ಒಮ್ಮೆಯೂ ಅವಳ ಮುಖ ನೋಡಿರಲಿಲ್ಲ. ಈಗ ಅವಳ ಅಂಟಿಸಿದ ಮೀಸೆಯ ಹಿಂದಿನ ಮುಖ ನೋಡಿದ. ನೋಡಿದವನಿಗೆ ಕಣ್ಣು ಕೀಳುವುದು ತಿಳಿಯಲಿಲ್ಲ.

ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಹೆಂಗಸರು ಹೊಳೆಯ ಮಗ್ಗುಲಲ್ಲಿ ಬುತ್ತಿ ಬಿಚ್ಚುತ್ತಿದ್ದರು. ರಾವಸಾಹೇಬನ ಕುದುರೆಗೆ ಸರಿಯಾಗಿ ಆಗಲೇ ನೀರಡಿಕೆ.

"ನಿಮ್ಮ ಕುದುರಿಗೆ ಭಾಳ ನೀರಡಸತೈತಲ್ರಿ," ಎಂದಳು ಶೇವಂತಾ ಮೂರನೆಯ ದಿನ.

"ಬಿಸಲು ಐತಲ್ಲ."

"ಕುದುರಿ ನೀರ ಮುಟ್ಟವಲ್ಲದು. ನೀವ ಅಷ್ಟ ಈ ಕಡೆ ನೋಡಾಕತ್ತೀರಿ."

ಅವನ ಕಿವಿ ಪಟಕಾದ ಬಣ್ಣಕ್ಕೆ ತಿರುಗಿತು. ಅವಳು ಆಗಷ್ಟೇ ಮೀಸೆ ಕಿತ್ತಿದ್ದಳು. ಗೋಂದಿನ ಉರಿಗೆ ಮೇಲ್ದುಟಿಯಲ್ಲಿ ತೆಳ್ಳಗೆ ಕೆಂಪು ಗೆರೆ ಎದ್ದಿತ್ತು. ಅವನ ನೋಟ ಆ ಗೆರೆಯ ಮೇಲೆ ಒಂದು ಗಳಿಗೆ ನಿಂತು, ತಪ್ಪು ಮಾಡಿದವರಂತೆ ಹೊಳೆಗೆ ಇಳಿಯಿತು. ಮರುದಿನ ಅವನು ಕೊಬ್ಬರಿ ಎಣ್ಣೆಯ ಸಣ್ಣ ಬಾಟಲಿ ತಂದು ಕಲ್ಲಿನ ಮೇಲಿಟ್ಟ.

"ಕುದುರಿಗೆ ತಂದಿದ್ದೆ. ಉಳದೈತಿ."

"ನಿಮ್ಮ ಕುದುರಿಗೂ ಮೀಸಿ ಹಚ್ಯಾರೇನ್ರಿ?"

ಅವನು ನಕ್ಕ. ನಕ್ಕಾಗ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆಂದು ಅವಳಿಗೆ ಗೊತ್ತಾಯಿತು. ಗೊತ್ತಾಗದಿದ್ದರೆ ಚೆನ್ನಾಗಿತ್ತು ಎಂದೂ ಅನಿಸಿತು.

ಹಾಗೇ ಮಾತು ಬೆಳೆಯಿತು. ಕುದುರೆಯ ವಿಷಯ ತೆಗೆದರೆ ಅವನ ಮುಖ ಅರಳುತ್ತಿತ್ತು. "ನಿಂತ ಮಂದಿ ಮ್ಯಾಲೆ ಕುದುರಿ ಏರಿ ಹೋಗೂದಿಲ್ಲ," ಎಂದು ಒಮ್ಮೆ ಹೇಳಿದ. "ಒತ್ತಾಗಿ ನಿಂತ್ರ ಅದೂ ಹೆದರತೈತಿ. ಓಡೂರ ಬೆನ್ನ ಮಾತ್ರ ಹತ್ತತೈತಿ."

ಎಂಟನೆಯ ದಿನ ಹಾಗೆಯೇ ಆಯಿತು. ಕುದುರೆಗಳು ನುಗ್ಗಿದಾಗ ಕರಿ ಸೈನ್ಯ ಬೆನ್ನು ತಿರುಗಿಸಿ ಓಡಬೇಕು, ಓಡುತ್ತ ಬೀಳಬೇಕು. ಬಿದ್ದವರಲ್ಲಿ ಕೂಲಿ ಮುದುಕಿ ಮಲಕವ್ವನ ಹೆಗಲ ಮೇಲೆ ಒಂದು ಕುದುರೆಯ ಗೊರಸು ಬಿತ್ತು. ಎಲುಬು ಮುರಿದ ಸದ್ದು ಪಕ್ಕದಲ್ಲಿ ಬಿದ್ದಿದ್ದ ಶೇವಂತಾಗೆ ಕೇಳಿಸಿತು. ಅಣ್ಣಾಸಾಬ ಮುದುಕಿಯನ್ನು ಎತ್ತಿನ ಗಾಡಿಯಲ್ಲಿ ಹಾಕಿ ಮನೆಗೆ ಕಳಿಸಿ ಕೈ ತೊಳೆದುಕೊಂಡ. ಡೈರೆಕ್ಟರನ ಕಿವಿಗೆ ಸುದ್ದಿ ಹೋಗಲೇ ಇಲ್ಲ.

"ಒಂದ ಸುಣ್ಣದ ಗೆರಿ ಹಾಕ್ಸರಿ," ಎಂದಳು ಶೇವಂತಾ. "ಕುದುರಿ ಅದರ ಈಚೆ ಬರಬಾರದು."

"ಯುದ್ಧ ಅಂದ್ರ ಹಂಗ ಇರತೈತಿ. ಆಗದಿದ್ರ ಮನಿಗೆ ನಡೀರಿ," ಎಂದ ಅಣ್ಣಾಸಾಬ.

ಅವಳು ನೇರ ರಾವಸಾಹೇಬನ ಹತ್ತಿರ ಹೋದಳು. "ನೀವು ಹೇಳ್ರಿ. ದಿನಾ ನಿಮ್ಮಪ್ಪಾರು ಡೈರೆಕ್ಟರ ಬಾಜೂಕ ಛತ್ರಿ ಕೆಳಗ ಕುಂದರತಾರ. ನಿಮ್ಮ ಮಾತ ಕೇಳತಾರ."

ಅವನು ಲಗಾಮಿನ ತುದಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. "ಅಪ್ಪನ ಮುಂದ ನಾ ಇಲ್ಲಿತನಕ ಎದರ ಮಾತಾಡಿಲ್ಲ, ಶೇವಂತಾ."

"ಹಂಗಾರ ನನ್ನ ಮುಂದನೂ ಮಾತಾಡಬ್ಯಾಡ್ರಿ."

ಎರಡು ದಿನ ಅವಳು ಬುತ್ತಿಯನ್ನು ಗುಡಾರದ ಹಿಂದೆ ಬಿಚ್ಚಿದಳು. ಹೊಳೆಯ ಕಡೆ ನೋಡಲಿಲ್ಲ. ನೋಡದೆ ಇರುವುದಕ್ಕೆ ಇಷ್ಟು ಶಕ್ತಿ ಬೇಕಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಕೋಪದ ಅಡಿಯಿಂದಲೇ ಆ ಗುಳಿ ಬಿದ್ದ ಕೆನ್ನೆ ಇಣುಕುತ್ತಿತ್ತು. ಅದಕ್ಕೇ ಕೋಪ ಇನ್ನೂ ಹೆಚ್ಚಾಗುತ್ತಿತ್ತು.

ಕೊನೆಯ ದಿನ ಎಲ್ಲಕ್ಕಿಂತ ದೊಡ್ಡ ದೃಶ್ಯ. ನಾಲ್ಕು ಕ್ಯಾಮೆರಾ, ನೂರಾ ಇಪ್ಪತ್ತು ಕುದುರೆ. ಮೀಸೆ ಅಂಟಿಸಿಕೊಳ್ಳುತ್ತಲೇ ಶೇವಂತಾ ಹೆಂಗಸರಿಗೆ ಹೇಳಿದಳು: "ಇವತ್ತ ಓಡೂದು ಬ್ಯಾಡ. ಹೆಗಲಿಗೆ ಹೆಗಲ ಹಚ್ಚಿ ನಿಲ್ಲೂಣು. ಭಾಲೆ ನೆಲಕ್ಕ ಊರ್ರಿ."

"ಕುದುರಿ ನಿಲ್ಲದಿದ್ರ?" ಎಂದು ಯಾರೋ ಕೇಳಿದರು.

"ನಿಲ್ಲತಾವ," ಎಂದಳು. ಹೇಳಿದವನ ಮೇಲೆ ಸಿಟ್ಟಿದ್ದರೂ ಅವನ ಮಾತಿನ ಮೇಲೆ ನಂಬಿಕೆ ಇತ್ತು.

ಧ್ವನಿವರ್ಧಕದ ಭೋಂಗಾದಲ್ಲಿ "ಆಕ್ಷನ್" ಎಂದು ಕೂಗಿದರು. ನೆಲ ನಡುಗಿತು. ಧೂಳಿನ ಗೋಡೆಯೊಂದು ಬಯಲಿನ ಆ ತುದಿಯಿಂದ ಎದ್ದು ಬಂತು. ಹೆಂಗಸರ ಸಾಲು ಅಲುಗಲಿಲ್ಲ. ಅವರನ್ನು ನೋಡಿ ಹಿಂದಿನ ಗಂಡಸರೂ ನಿಂತರು. ಶೇವಂತಾ ಭಾಲೆಯನ್ನು ಇನ್ನಷ್ಟು ಆಳಕ್ಕೆ ಊರಿದಳು. ಪಕ್ಕದವಳು ಹೆಗಲು ಒತ್ತಿ ನಿಂತಳು. ಸಾಲು ಗಟ್ಟಿಯಾಯಿತು.

ಧೂಳಿನೊಳಗಿಂದ ಎಲ್ಲರಿಗಿಂತ ಮುಂದೆ ಒಂದು ಕುದುರೆ ಹಾರಿ ಬಂತು. ಇಪ್ಪತ್ತು ಮಾರು ದೂರದಲ್ಲಿ ರಾವಸಾಹೇಬ ಅದನ್ನು ಒಮ್ಮೆಲೇ ಅಡ್ಡ ತಿರುಗಿಸಿ ಹಿಂದೆ ಬರುವವರಿಗೆ ಕೈ ಎತ್ತಿ ನಿಂತ. "ತಡೀರಿ! ಎಳೀರಿ ಲಗಾಮು!" ಕುದುರೆಗಳು ಕೆನೆದು, ಮುಗ್ಗರಿಸಿ, ಒಂದಕ್ಕೊಂದು ತಾಗಿ ನಿಂತವು. ಅವನು ಕೆಳಗಿಳಿದು ನಡೆದು ಬಂದು, ಕೆಂಪು ಪಟಕಾದಲ್ಲೇ ಕರಿ ಸಾಲಿನೊಳಗೆ ಶೇವಂತಾಳ ಮಗ್ಗುಲಿಗೆ ನಿಂತ.

"ಈಗರ ಮಾತಾಡಬಹುದೇನು?" ಎಂದ ಮೆಲ್ಲಗೆ. ಉಸಿರು ಹತ್ತಿತ್ತು.

"ನನಗಲ್ಲ. ಅವ್ರಿಗೆ ಹೇಳ್ರಿ."

ಡೈರೆಕ್ಟರ್ ಬೈಯುತ್ತ ಓಡಿ ಬಂದ. ಹಿಂದೆ ವಿರುಪಾಕ್ಷಪ್ಪ, ಅಣ್ಣಾಸಾಬ. ರಾವಸಾಹೇಬ ತನ್ನ ಶಾಲೆಯ ಮರಾಠಿಯಲ್ಲಿ ಮಲಕವ್ವನ ವಿಷಯ ಪೂರ್ತಿ ಹೇಳಿದ. ಡೈರೆಕ್ಟರ್ ಅಣ್ಣಾಸಾಬನ ಮುಖ ನೋಡಿದ. ಅಣ್ಣಾಸಾಬ ತನ್ನ ಚಪ್ಪಲಿ ನೋಡಿಕೊಂಡ.

"ಸಾಯಾಕ ನಮಗ ಅಡ್ಡಿ ಇಲ್ರಿ," ಎಂದಳು ಶೇವಂತಾ, ಅವಳೂ ಮರಾಠಿಯಲ್ಲೇ. "ಎಷ್ಟ ಸಲ ಅಂದ್ರ ಅಷ್ಟ ಸಲ ಸಾಯತೇವಿ. ತುಳಿಸ್ಕೊಳ್ಳಾಕ ಮಾತ್ರ ಒಲ್ಲೆವು."

ಸುಣ್ಣದ ಗೆರೆ ಬಿತ್ತು. ಸಿನಿಮಾದವರ ಜೀಪು ಮಲಕವ್ವನನ್ನು ಮಿರಜಿನ ದವಾಖಾನೆಗೆ ಒಯ್ದಿತು. ಆದರೆ ವಿರುಪಾಕ್ಷಪ್ಪ ಅಲ್ಲಿಂದ ಕದಲಲಿಲ್ಲ. ಎಲ್ಲರಿಗೂ ಕೇಳುವಂತೆ ಮಗನನ್ನು ಕೇಳಿದ: "ಆಕಿ ಯಾರ ಮಗಳು ಗೊತ್ತೈತೇನು ನಿನಗ?"

ಉತ್ತರ ಕೊಟ್ಟವಳು ಶೇವಂತಾ. ಅರ್ಧ ಕಿತ್ತ ಮೀಸೆಯಲ್ಲೇ. "ದಶರಥನ ಮಗಳ್ರಿ. ಎರಡ ವರ್ಷ ನಿಮ್ಮ ದ್ರಾಕ್ಷಿ ಬಿಡಿಸೇನಿ."

"ಮನಿಗೆ ನಡಿ," ಎಂದ ವಿರುಪಾಕ್ಷಪ್ಪ ಮಗನಿಗೆ.

"ನಡೀರಿ ಅಪ್ಪಾ. ನನಗ ಬ್ಯಾರೆ ಒಂದ ಮನಿಗೆ ಹೋಗೂದೈತಿ," ಎಂದ ರಾವಸಾಹೇಬ. ಅಷ್ಟು ಹೇಳುವಷ್ಟರಲ್ಲಿ ಅವನ ಮುಖ ಬೆವತು ಹೋಗಿತ್ತು.

ಅದೇ ಸಂಜೆ ಅವನು ಹಗಲಿನ ಬೆಳಕು ಇನ್ನೂ ಇರುವಾಗಲೇ, ಊರವರೆಲ್ಲ ಕಟ್ಟೆಯ ಮೇಲೆ ಕುಳಿತು ನೋಡುತ್ತಿರುವಾಗ ಬೌದ್ಧರ ಓಣಿಗೆ ಬಂದ. ದಶರಥ ಒಳಗೆ ಕರೆದು ಚಹಾ ಕೊಟ್ಟ. ಅವನು ಕುಡಿದ ಮೇಲೆ ಕೇಳಿದ: "ನಿಮ್ಮ ಮನ್ಯಾಗ ನನ್ನ ಮಗಳು ಎಲ್ಲಿ ಕುಂತ ಉಣತಾಳ್ರಿ?"

ರಾವಸಾಹೇಬ ಯೋಚಿಸಿದ. "ಗೊತ್ತಿಲ್ರಿ. ಆಕಿ ಎಲ್ಲಿ ಕುಂದರತಾಳ, ನನ್ನ ತಾಟೂ ಅಲ್ಲೇ."

ದಶರಥ ಮಗಳ ಕಡೆ ತಿರುಗಿದ. "ನೀ ಏನಂತಿ?"

"ಇವ್ರು ಸುಳ್ಳ ಹೇಳೂದ ಕಲತಿಲ್ಲಪ್ಪ," ಎಂದಳು ಶೇವಂತಾ. ಆಮೇಲೆ, ಮೊದಲ ಸಲ ನೆಲ ನೋಡುತ್ತ, "ನನಗ ಮನಸೈತಿ," ಎಂದಳು. ರಾವಸಾಹೇಬ ಬರಿದಾದ ಕಪ್ಪನ್ನೇ ಮತ್ತೊಮ್ಮೆ ಬಾಯಿಗೆತ್ತಿದ.

ಅಥಣಿಯ ನೋಂದಣಿ ಕಚೇರಿಯ ಹಲಗೆಯ ಮೇಲೆ ಇಬ್ಬರ ಹೆಸರಿನ ಮದುವೆಯ ನೋಟೀಸು ಒಂದು ತಿಂಗಳು ತೂಗಿತು. ಯಾರೋ ಎರಡು ಸಲ ಅದನ್ನು ಹರಿದರು. ಎರಡೂ ಸಲ ಶೇವಂತಾ ಬಸ್ಸು ಹಿಡಿದು ಹೋಗಿ, ಮತ್ತೆ ಹಚ್ಚುವ ತನಕ ಅಲ್ಲೇ ನಿಂತು ಬಂದಳು. ಮದುವೆಯ ದಿನ ಮಲಕವ್ವ ಬಲಗೈ ಜೋಳಿಗೆಯಲ್ಲಿ ಕಟ್ಟಿಕೊಂಡು ಬಂದು ಸಾಕ್ಷಿಗೆ ಎಡಗೈ ಹೆಬ್ಬೆಟ್ಟು ಒತ್ತಿದಳು. ಹೊರಗೆ ರಸ್ತೆಯಾಚೆ ವಿರುಪಾಕ್ಷಪ್ಪನ ಜೀಪು ನಿಂತಿತ್ತು. ಹಿಂದಿನ ಬಾಗಿಲೂ ಇದೆ ಎಂದು ಗುಮಾಸ್ತ ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

"ಯಾಕ್ರಿ, ನಾವೇನ ಕಳವು ಮಾಡೇವೇನು?"

ಅವರು ಕೈ ಹಿಡಿದುಕೊಂಡು ಮುಂದಿನಿಂದಲೇ ಬಂದರು. ಶೇವಂತಾ ನೇರ ಜೀಪಿನ ಹತ್ತಿರ ಹೋಗಿ ಸೆರಗು ಸರಿಪಡಿಸಿಕೊಂಡಳು. "ಮಾವಾರ, ನಾಳೆ ಮನಿಗೆ ಬರತೇವ್ರಿ."

ವಿರುಪಾಕ್ಷಪ್ಪ ಅವಳ ಕಡೆ ನೋಡದೆ ಜೀಪು ಬಿಟ್ಟುಕೊಂಡು ಹೋದ.

"ಖರೇನ ಹೋಗೂದೇನು?" ಎಂದ ರಾವಸಾಹೇಬ.

"ನೀವ ಒಲ್ಲೆ ಅಂದ್ರ ನಾ ಒಬ್ಬಾಕೀನ ಹೋಗತೇನಿ."

ಮರುದಿನ ಹತ್ತಕ್ಕೆ ಹೋದರು. ಬಾಗಿಲು ಹಾಕಿತ್ತು. ಅವಳು ಬಡಿಯಲಿಲ್ಲ, ಕೂಗಲಿಲ್ಲ. ಊರೆಲ್ಲ ಮುಂದೆ ಹಾದುಹೋಗುವ ಮನೆಯ ಕಟ್ಟೆಯ ಮೇಲೆ ಕುಳಿತಳು. ಅವನೂ ಕುಳಿತ. ಬಿಸಿಲು ಕಂಬದಿಂದ ಕಂಬಕ್ಕೆ ಸರಿಯಿತು. ನೆರಳು ತನ್ನ ಕಡೆ ಬಂದಾಗಲೆಲ್ಲ ಅವನು ಎದ್ದು ಅವಳಿಗೆ ಜಾಗ ಬಿಟ್ಟುಕೊಟ್ಟ.

ಸಂಜೆ ನಾಲ್ಕರ ಹೊತ್ತಿಗೆ ಒಳಗೆ ಅಗಳಿ ಸರಿಯಿತು. ಬಾಗಿಲಲ್ಲಿ ರಾವಸಾಹೇಬನ ತಾಯಿ ಕಸ್ತೂರೆವ್ವ. ಕಣ್ಣು ಅತ್ತು ಕೆಂಪಾಗಿದ್ದವು, ದನಿ ಮಾತ್ರ ಗಟ್ಟಿಯಾಗಿತ್ತು. "ಮುಂಜಾನಿಂದ ಉಪಾಸ ಕುಂದರಿಸೀದಿ ಆ ಹುಡುಗೀನ. ನಿನಗ ಬುದ್ಧಿ ಐತೇನಲೇ?" ಎಂದಳು ಮಗನಿಗೆ.

ಹಿಂದೆ ಪಡಸಾಲೆಯಲ್ಲಿ ವಿರುಪಾಕ್ಷಪ್ಪ ಗೋಡೆಗೆ ಮುಖ ಮಾಡಿ ಕುಳಿತಿದ್ದ. ಬಾಗಿಲು ಹಾಕಲು ಮಾತ್ರ ಏಳಲಿಲ್ಲ.

ಶೇವಂತಾ ಏಳಲು ಹೋದಳು. ಕಾಲು ಜೋಮು ಹಿಡಿದಿದ್ದವು. ರಾವಸಾಹೇಬ ಊರೆಲ್ಲ ನೋಡುವಂತೆ ಕೈ ಚಾಚಿದ. ಅವಳು ಹಿಡಿದುಕೊಂಡು ಎದ್ದು, ಜೋಮು ಇಳಿಯುವ ತನಕ ಹೊಸ್ತಿಲಲ್ಲಿ ನೆಟ್ಟಗೆ ನಿಂತು, ಆಮೇಲೆ ಒಳಗೆ ಕಾಲಿಟ್ಟಳು.