ತೊಂಬತ್ತು ಕಿಲೋಗೆ ಬಿಗಿದ ಸ್ಪ್ರಿಂಗ್

"ರೀ, ಆ ಬೈಕ್ ಮುಟ್ಟಬೇಡಿ!"

ಅವಳು ತಿರುಗಿ ನೋಡಿದಳು. ಕೈಯಲ್ಲಿ ಸ್ಪ್ಯಾನರ್, ಮೊಣಕೈವರೆಗೆ ಮಸಿ. ಮನೆಯ ಕೆಳಗಿನ ಶೆಡ್ಡಿನ ಬಾಗಿಲಲ್ಲಿ ಒಬ್ಬ ಗಂಡಸು ನಿಂತಿದ್ದ. ಕುತ್ತಿಗೆಯಲ್ಲಿ ಅಳತೆಯ ಟೇಪು, ಕೈಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ. ಕತ್ತರಿ ಹಿಡಿದುಕೊಂಡು ಕಳ್ಳರನ್ನು ಹಿಡಿಯಲು ಬಂದವನನ್ನು ಅವಳು ಅದೇ ಮೊದಲ ಸಲ ನೋಡುತ್ತಿದ್ದುದು.

"ಯಾಕೆ ಮುಟ್ಟಬಾರದು?"

"ಓನರ್ ಹೇಳಿದಾರೆ. ಯಾರೂ ಕವರ್ ತೆಗೀದ ಹಾಗೆ ಸ್ವಲ್ಪ ನೋಡ್ಕೊಳ್ಳಿ ಅಂತ. ನೀವು ನೋಡಿದ್ರೆ ನಟ್ಟು ಬೋಲ್ಟೇ ಬಿಚ್ತಾ ಇದೀರ."

"ಯಾವ ಓನರ್?"

"ಪ್ರತಿ ಭಾನುವಾರ ಬಂದು ಸ್ಟಾರ್ಟ್ ಮಾಡ್ತಾರಲ್ಲ, ಅವರು."

"ಅವನು ನನ್ನ ಮೈದುನ. ಬೈಕ್ ಇರೋದು ನನ್ನ ಹೆಸರಲ್ಲಿ. ಮಹಡಿ ಮೇಲಿರೋ ಎಕ್ಸ್‌ರೇ ಮೇಡಂ ಅಂದ್ರೆ ನಾನೇ. ಈಗ ಹೇಳಿ, ಪೊಲೀಸ್ ಕರೀತೀರೋ, ಕತ್ತರಿ ಕೆಳಗಿಡ್ತೀರೋ?"

ಅವನು ಒಂದು ಕ್ಷಣ ನಿಜಕ್ಕೂ ಯೋಚಿಸುವವನಂತೆ ನಿಂತ. "ಕತ್ತರಿನೇ ಇಡ್ತೀನಿ," ಅಂದ. ನಗುವಾಗ ಅವನ ಕಣ್ಣು ಮೊದಲು ನಗುತ್ತಿತ್ತು, ಬಾಯಿ ಆಮೇಲೆ. ಅವಳಿಗೂ ನಗು ಬಂತು. ಆದರೆ ಹದಿನೈದು ದಿನದ ಹಿಂದೆ ಶೆಡ್ಡಿನ ಪಕ್ಕದ ತಮ್ಮ ಬಾಡಿಗೆ ಮಳಿಗೆಯಲ್ಲಿ ಅಂಗಡಿ ತೆರೆದ ಟೈಲರನಿಗೆ ಅಷ್ಟು ಸುಲಭಕ್ಕೆ ನಗು ಕೊಡುವುದೇಕೆಂದು ಬೈಕಿನ ಕಡೆ ತಿರುಗಿಕೊಂಡಳು.

ಆ ಬೈಕು ಅವಳ ಗಂಡನದು. ಎರಡು ವರ್ಷದ ಹಿಂದೆ, ಆಫೀಸಿನ ಕುರ್ಚಿಯಲ್ಲಿ ಕೂತಿದ್ದಂತೆಯೇ ಅವನ ಎದೆಬಡಿತ ನಿಂತುಹೋಯಿತು. ಅಂದಿನಿಂದ ಬೈಕಿಗೆ ಕವರು ಬಿತ್ತು. ಅದು ಅವನು ಬಿಟ್ಟುಹೋದ ಹಾಗೇ ಇರಬೇಕೆಂದು ಮೈದುನ ಕಟ್ಟಪ್ಪಣೆ ಮಾಡಿದ. ಭಾನುವಾರಕ್ಕೊಮ್ಮೆ ಬಂದು ಐದು ನಿಮಿಷ ಸ್ಟಾರ್ಟ್ ಮಾಡಿಟ್ಟು, ಒರೆಸಿ, ಮತ್ತೆ ಕವರು ಹೊದಿಸಿ ಹೋಗುತ್ತಿದ್ದ. ಆ ಐದು ನಿಮಿಷ ಅತ್ತೆ ಮೇಲಿನ ಕಿಟಕಿಯಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ಅವರಿಗೆ ಅದು ಮಗನ ದನಿ.

ಮದುವೆಯಾದ ಹತ್ತು ವರ್ಷವೂ ಅವಳು ಅದರ ಹಿಂದಿನ ಸೀಟಿನಲ್ಲಿ ಕೂತವಳು. ಒಮ್ಮೆ ಓಡಿಸಲು ಕೊಡಿ ಎಂದಾಗಲೆಲ್ಲ ಗಂಡ ನಕ್ಕು, "ನಿನ್ನ ಕಾಲು ನೆಲಕ್ಕೆ ಎಟಕಲ್ಲ ಕಣೇ," ಅನ್ನುತ್ತಿದ್ದ. ಪ್ರೀತಿಯಿಂದಲೇ ಅನ್ನುತ್ತಿದ್ದ. ಅದಕ್ಕೇ ಅವಳು ಆಗ ಜಗಳ ಆಡಲಿಲ್ಲ. ಈಗ ಆಸ್ಪತ್ರೆಯ ಗೆಳತಿಯ ಗಾಡಿಯಲ್ಲಿ ಕಲಿತು, ಲೈಸೆನ್ಸ್ ಮಾಡಿಸಿ, ಯಾರಿಗೂ ಹೇಳದೆ ಪರ್ಸಿನಲ್ಲಿ ಇಟ್ಟುಕೊಂಡಿದ್ದಳು.

ಆಯಿಲ್ ಹಾಕುವ ಮುಚ್ಚಳವನ್ನು ತಿರುಗಿಸಿ ತೆಗೆದಳು. ಒಳಗೆ ಹಾಲು ಹಾಕಿದ ಚಹಾದಂಥ ನೊರೆ.

ಟೈಲರ್ ಹತ್ತಿರ ಬಂದು ಬಗ್ಗಿ ನೋಡಿದ. ಅವನಿಗೂ ಒಂದು ಹಳೆಯ ಬೈಕಿತ್ತು. ಅಂಗಡಿಯ ಹಿಂದೆ ಅದನ್ನು ಬಿಚ್ಚುವುದು, ಜೋಡಿಸುವುದೇ ಅವನ ರಜೆ. "ಅಯ್ಯೋ! ಒಳಗೆ ನೀರು ಸೇರಿದೆ."

"ಸೇರದೆ ಇನ್ನೇನಾಗುತ್ತೆ? ಐದು ನಿಮಿಷದಲ್ಲಿ ಎಂಜಿನ್ ಪೂರ್ತಿ ಬಿಸಿಯಾಗಲ್ಲ. ಒಳಗೆ ಕೂತ ತೇವ ಆರೋದೇ ಇಲ್ಲ. ಎರಡು ವರ್ಷ ವಾರವಾರವೂ ಒಂದಿಷ್ಟು ನೀರು ಕುಡಿಸಿದಾನೆ." ಅವಳು ಮುಚ್ಚಳವನ್ನು ನೆಲಕ್ಕೆ ಕುಕ್ಕಿದಳು. "ಅಣ್ಣನ ಮೇಲಿನ ಪ್ರೀತಿಗೆ."

ಅವನು ಅಂಗಡಿಯೊಳಗೆ ಹೋಗಿ ಹಳೆಯ ಬಟ್ಟೆ ಚೂರುಗಳ ಒಂದು ಗಂಟು ತಂದು ಅವಳ ಪಕ್ಕ ಇಟ್ಟ. "ಒರೆಸೋಕೆ ಬೇಕಾಗುತ್ತೆ," ಅಂದ.

ಅಂದಿನಿಂದ ಬುಧವಾರಗಳು ಬೇರೆಯಾದವು. ಬುಧವಾರ ಅವಳಿಗೆ ವಾರದ ರಜೆ. ಮಂಡಿನೋವಿನ ವ್ಯಾಯಾಮಕ್ಕೆಂದು ಮೈದುನ ಅತ್ತೆಯನ್ನು ಕಾರಿನಲ್ಲಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗುತ್ತಿದ್ದುದೂ ಅಂದೇ. ಅವರು ಬರುವುದರೊಳಗೆ ಮೂರು ಗಂಟೆ ಅವಳದು. ಆಯಿಲ್ ಇಳಿಸಿದಳು, ಹೊಸದು ಹಾಕಿ ಬಿಸಿ ಮಾಡಿ ಅದನ್ನೂ ಇಳಿಸಿ ಮತ್ತೆ ಹಾಕಿದಳು. ಸೀಮೆಎಣ್ಣೆಯಲ್ಲಿ ಚೈನ್ ತೊಳೆದಳು. ಬ್ರೇಕ್ ಶೂ ಬದಲಿಸಿದಳು. ಟೈಲರ್ ಅಂಗಡಿಯ ಹಿಂಬಾಗಿಲಲ್ಲಿ ಕೂತು ಗುಂಡಿ ಹೊಲಿಯುತ್ತ ನೋಡುತ್ತಿದ್ದ.

"ಸ್ವಲ್ಪ ಹಿಡ್ಕೊಳ್ಳಲಾ?"

"ಕೈ ಹಾಕಬೇಡಿ. ಬೇಕಾದ್ರೆ ಬಾಯಿ ಹಾಕಿ."

"ಬಾಯಿ ಹಾಕಿದ್ರೆ ಆ ಬೋಲ್ಟ್ ಉಲ್ಟಾ ತಿರುಗಿಸ್ತಾ ಇದೀರ ಅಂತ ಹೇಳಬೇಕಾಗುತ್ತೆ."

ಅವಳು ತಲೆ ಎತ್ತಿ ದುರುಗುಟ್ಟಿ ನೋಡಿದಳು. ಅವನು ತಟ್ಟನೆ ಗುಂಡಿಯ ಕಡೆ ಕಣ್ಣಿಳಿಸಿದ, ಸೂಜಿಯಲ್ಲಿ ದಾರ ಮುಗಿದಿದ್ದರೂ ಹೊಲಿಯುತ್ತಲೇ ಇದ್ದ. ಬೋಲ್ಟನ್ನು ಇನ್ನೊಂದು ಕಡೆ ತಿರುಗಿಸಿದಾಗ ಸಲೀಸಾಗಿ ಬಂತು. ಅದನ್ನವಳು ಅವನಿಗೆ ಹೇಳಲಿಲ್ಲ.

ಒಂದೇ ಒಂದು ಕೆಲಸ ಮಾತ್ರ ಅವನಿಗೆ ಒಪ್ಪಿಸಿದಳು. ಅವನು ಸೀಟಿನ ಮುಂಭಾಗದ ಸ್ಪಂಜನ್ನು ಎರಡಿಂಚು ಇಳಿಸಿ, ಎರಡೂ ಪಕ್ಕ ಕಿರಿದು ಮಾಡಿ, ಅದೇ ಕಪ್ಪು ಬಣ್ಣದ ರೆಕ್ಸಿನ್ ಹೊಲಿದು ಕೊಟ್ಟ. ಹೊಲಿಗೆ ಎಷ್ಟು ಚೆಂದವಿತ್ತೆಂದರೆ, ಭಾನುವಾರ ಬಂದ ಮೈದುನನಿಗೆ ಗೊತ್ತೇ ಆಗಲಿಲ್ಲ. ಬದಲಿಗೆ ಎಂಜಿನ್ನಿನ ಸದ್ದು ಕೇಳಿ ಹಿಗ್ಗಿ ಹೀರೇಕಾಯಿಯಾದ. "ನೋಡಿದ್ರಾ ಅತ್ತಿಗೆ, ಎಷ್ಟು ಸ್ಮೂತಾಗಿದೆ! ವಾರವಾರ ತಪ್ಪದೆ ನೋಡ್ಕೊಂಡ್ರೆ ಹೀಗೇ." ಅಂಗಡಿಯೊಳಗೆ ಟೈಲರನಿಗೆ ಜೋರಾಗಿ ಕೆಮ್ಮು ಬಂತು. ಅವಳು ತುಟಿ ಕಚ್ಚಿಕೊಂಡು ಮೆಟ್ಟಿಲು ಹತ್ತಿದಳು. ಎರಡು ವರ್ಷದಲ್ಲಿ ಆ ಮೆಟ್ಟಿಲನ್ನು ನಗುತ್ತ ಹತ್ತಿದ್ದು ಅದೇ ಮೊದಲು.

ಉಳಿದದ್ದು ಹಿಂದಿನ ಚಕ್ರದ ಎರಡೂ ಪಕ್ಕದ ಜೋಡಿ ಸ್ಪ್ರಿಂಗ್. ಓಡಿಸುವವರ ತೂಕಕ್ಕೆ ತಕ್ಕಂತೆ ಅದನ್ನು ಬಿಗಿ ಅಥವಾ ಸಡಿಲ ಮಾಡಬೇಕು. ಬೈಕಿನ ಕೆಲಸಗಳಲ್ಲಿ ಅವಳೊಬ್ಬಳ ಕೈಲಿ ಆಗದ್ದು ಅದೊಂದೇ. ಒಬ್ಬರು ಮೇಲೆ ಕೂರಬೇಕು, ಎಷ್ಟು ಇಳಿಯಿತೆಂದು ಇನ್ನೊಬ್ಬರು ಅಳೆಯಬೇಕು. ಒಂದು ಬುಧವಾರ ಪೂರ್ತಿ ಒಬ್ಬಳೇ ಒದ್ದಾಡಿ ನೋಡಿದಳು. ಮುಂದಿನ ಬುಧವಾರ ಅಂಗಡಿಯ ಹಿಂಬಾಗಿಲಿಗೆ ಹೋಗಿ ನಿಂತಳು.

"ಟೈಲರ್ ಸಾಹೇಬ್ರೇ, ಒಂದು ಅಳತೆ ತಗೋಬೇಕಿತ್ತು."

"ಕುಪ್ಪಸದ್ದಾ?"

"ಬೈಕಿಂದು!"

ಅವನು ಚಕ್ರದ ಬಳಿ ಮೊಣಕಾಲೂರಿ ಕೂತ. ಮಡ್‌ಗಾರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಟೇಪಿನ ತುದಿಯನ್ನು ಚಕ್ರದ ಅಚ್ಚಿಗೆ ಹಿಡಿದ. "ಹತ್ತಿ. ಎರಡೂ ಕಾಲು ಮೇಲಿಡಿ. ಗೋಡೆಗೆ ಬೆರಳು ಮಾತ್ರ ಇರಲಿ. ಅಲ್ಲಾಡಬೇಡಿ."

ದಿನಕ್ಕೆ ನಲವತ್ತು ಜನರಿಗೆ 'ಉಸಿರು ಹಿಡೀರಿ, ಅಲ್ಲಾಡಬೇಡಿ' ಎಂದು ಹೇಳುವುದು ಅವಳ ಕೆಲಸ. ಅವಳಿಗೆ ಯಾರೂ ಹಾಗೆ ಹೇಳಿರಲಿಲ್ಲ. ಅವನು ಉಸಿರಿನ ಮಾತೆತ್ತದಿದ್ದರೂ ಅವಳ ಉಸಿರು ತಾನಾಗಿ ನಿಂತಿತು. ಕೆಳಗೆ ಅವನ ನೆತ್ತಿ ಕಾಣುತ್ತಿತ್ತು, ನಾಲ್ಕು ನರೆಗೂದಲು, ಕಿವಿಯ ಹಿಂದೆ ಸುಣ್ಣದ ಗುರುತು. ಆ ಗುರುತನ್ನು ಬೆರಳಿನಿಂದ ಒರೆಸಬೇಕೆನ್ನಿಸಿತು. ಎನ್ನಿಸಿದ್ದಕ್ಕೆ ಅವಳಿಗೆ ನಾಚಿಕೆಯೇನೂ ಆಗಲಿಲ್ಲ, ಆಶ್ಚರ್ಯವಾಯಿತು.

"ತೂಕ ಎಷ್ಟು?"

"ಐವತ್ತೆರಡು."

ಅವನು ಮೇಲೆ ನೋಡಿದ. ಒಂದು ಹುಬ್ಬು ಮಾತ್ರ ಏರಿತು.

"ಐವತ್ತಾರು. ಸಾಕಾ?"

"ನಾನೇನೂ ಅನ್ನಲಿಲ್ಲಪ್ಪ." ಟೇಪಿನ ಕಡೆ ತಿರುಗಿದವನು ಗಂಭೀರನಾದ. "ಕಾಲಿಂಚು ಇಳಿದಿದೆ ಅಷ್ಟೇ. ಒಂದಿಂಚಾದ್ರೂ ಇಳೀಬೇಕು. ಸ್ಪ್ರಿಂಗ್ ಬಿಗಿಯೋಕೆ ಇರೋದೇ ಐದು ಮೆಟ್ಟಿಲು, ಐದನೇದಕ್ಕೆ ಪೂರ್ತಿ ಬಿಗಿದಿದಾರೆ. ಇದು ತೊಂಬತ್ತು ಕಿಲೋ ಆಳಿಗೆ ಸರಿ. ಅದೂ ಹಿಂದೆ ಇನ್ನೊಬ್ಬರು ಕೂತಿದ್ರೆ."

"ಕೂತಿದ್ದೆ," ಅಂದಳು ಅವಳು. "ಹಿಂದೆ ನಾನೇ ಕೂತಿದ್ದೆ."

ಸ್ಪ್ರಿಂಗ್ ತಿರುಗಿಸುವ ಕೊಕ್ಕೆಯ ಸ್ಪ್ಯಾನರನ್ನು ಅವನು ಅವಳ ಕೈಗೆ ಕೊಟ್ಟ. ಅವಳಿಗೆ ತಿರುಗಿಸಲಾಗಲಿಲ್ಲ. ಆಯಿಲ್ ಬದಲಾಗುವಂಥದ್ದು, ಬ್ರೇಕ್ ಸವೆಯುವಂಥದ್ದು. ಇದು ಹಾಗಲ್ಲ. ಗಂಡ ತನ್ನ ಕೈಯಾರೆ ಬಿಗಿದದ್ದು, ಇಬ್ಬರ ತೂಕ ಸೇರಿಸಿ ಬಿಗಿದದ್ದು. ಬೈಕಿನ ಮೇಲೆ ಕೂತೇ ಅವಳು ಅತ್ತುಬಿಟ್ಟಳು.

"ನೀವೇ ಮಾಡಿಬಿಡಿ," ಅಂದಳು.

"ಊಹೂಂ. ಬೇಕಾದ್ರೆ ಇಡೀ ಬೈಕ್ ಬಿಚ್ಚಿ ಕೊಡ್ತೀನಿ. ಇದನ್ನ ನೀವೇ ತಿರುಗಿಸ್ಬೇಕು."

"ಅತ್ತಿಗೆ!"

ಕ್ಲಿನಿಕ್ಕಿಗೆ ಅಂದು ರಜೆ, ಹೋದವರು ಹೋದ ಹಾಗೇ ವಾಪಸು ಬಂದಿದ್ದರು. ಶೆಡ್ಡಿನ ಬಾಗಿಲಲ್ಲಿ ಮೈದುನ ನಿಂತಿದ್ದ, ಅವನ ತೋಳು ಹಿಡಿದು ಅತ್ತೆ. ಬೈಕಿನ ಮೇಲೆ ಕಣ್ಣು ಒದ್ದೆ ಮಾಡಿಕೊಂಡು ಕೂತ ಸೊಸೆ, ಅವಳ ಕಾಲ ಬಳಿ ಟೇಪು ಹಿಡಿದು ಮಂಡಿಯೂರಿದ ಟೈಲರ್.

"ಅಣ್ಣನ ಬೈಕ್ ಮೇಲೆ ಇದೇನ್ರೀ ನಾಟಕ?" ಮೈದುನನ ಮುಖ ಕೆಂಪಾಗಿತ್ತು. ಟೈಲರ್ ಏನೋ ಹೇಳಲು ಹೋದ. "ನೀವು ಬಾಯಿ ಮುಚ್ಚಿ! ನೋಡ್ಕೊಳ್ಳಿ ಅಂದ್ರೆ ಹೀಗಾ ನೋಡ್ಕೊಳ್ಳೋದು? ಈ ವಾರದೊಳಗೆ ಅಂಗಡಿ ಖಾಲಿ ಮಾಡಿ. ಅತ್ತಿಗೆ, ಭಾನುವಾರ ಗಾಡಿ ತರ್ತೀನಿ. ಬೈಕ್ ನಮ್ಮನೆ ಹಾಲ್‌ನಲ್ಲಿ ಇರುತ್ತೆ. ಇಲ್ಲಿ ಅದಕ್ಕೆ ಮರ್ಯಾದೆ ಇಲ್ಲ."

ಅತ್ತೆ ಮಗನ ತೋಳು ಬಿಟ್ಟು, ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಹೋದರು. ಮೈದುನನ ಕೂಗಿಗಿಂತ ಅವಳಿಗೆ ಅದೇ ಹೆಚ್ಚು ಚುಚ್ಚಿತು.

ಶುಕ್ರವಾರ ಆಸ್ಪತ್ರೆಯಿಂದ ಬರುವಾಗ ಅಂಗಡಿಯೊಳಗೆ ಬಟ್ಟೆಯ ಥಾನುಗಳನ್ನು ಗಂಟು ಕಟ್ಟುತ್ತಿದ್ದ ಟೈಲರ್ ಕಂಡ. ಅವಳಿಗೆ ಮೈದುನನ ಮೇಲೂ ಬಾರದಷ್ಟು ಸಿಟ್ಟು ಬಂತು.

"ಏನಿದು?"

"ನಿಮಗೆ ಕೆಟ್ಟ ಹೆಸರು ಬರೋದು ಬೇಡ. ಹೋಗಿಬಿಡ್ತೀನಿ."

"ನನ್ನ ಹೆಸರು ನಾನು ನೋಡ್ಕೋತೀನಿ. ಅದನ್ನ ನೋಡ್ಕೊಳ್ಳಿ ಅಂತ ನಿಮಗೆ ಯಾರು ಹೇಳಿದ್ರು? ಎಲ್ಲರೂ ನನ್ನ ಪರವಾಗಿ ಯೋಚನೆ ಮಾಡೋರೇ! ಕಾಲು ಎಟಕಲ್ಲ ಅಂತ ಒಬ್ಬರು, ಮರ್ಯಾದೆ ಇಲ್ಲ ಅಂತ ಇನ್ನೊಬ್ಬ, ಈಗ ನೀವು. ನಾನು ಕೇಳೋದು ಒಂದೇ. ನಾನು ನಿಮಗೆ ಇಷ್ಟಾನೋ, ಇಲ್ಲವೋ?"

ಅವನ ಕೈಯಲ್ಲಿದ್ದ ಹಗ್ಗ ಜಾರಿತು. "ಇಷ್ಟ," ಅಂದ. "ಬುಧವಾರ ಬರೋವರೆಗೆ ಉಳಿದ ಆರು ದಿನ ಏನು ಮಾಡಬೇಕು ಅಂತ ಗೊತ್ತಾಗಲ್ಲ. ಅಷ್ಟು ಇಷ್ಟ."

ಅವಳ ಸಿಟ್ಟು ಕಣ್ಣಿನಲ್ಲೇ ಉಳಿದಿತ್ತು, ಕೆನ್ನೆಗೆ ಮಾತ್ರ ರಂಗು ಏರಿತು. "ಹಾಗಾದ್ರೆ ಗಂಟು ಬಿಚ್ಚಿ," ಎಂದವಳೇ ತಿರುಗಿ ನೋಡದೆ ಹೋದಳು.

ಭಾನುವಾರ ಬೆಳಗ್ಗೆ ಹತ್ತಕ್ಕೆ ಮೈದುನ ಪಿಕಪ್ ವ್ಯಾನ್ ತಂದು ಗೇಟಿನ ಮುಂದೆ ನಿಲ್ಲಿಸಿದ. ಬೈಕು ಶೆಡ್ಡಿನ ಹೊರಗೆ, ಬಿಸಿಲಲ್ಲಿತ್ತು. ಪಕ್ಕದಲ್ಲಿ ಅವಳು ಕೂತಿದ್ದಳು, ಕೊಕ್ಕೆ ಸ್ಪ್ಯಾನರನ್ನು ಎಡಗಡೆಯ ಸ್ಪ್ರಿಂಗಿಗೆ ಸಿಕ್ಕಿಸಿಕೊಂಡು. ಅತ್ತೆ ಕಿಟಕಿಯಿಂದ ನೋಡಿ ಕೆಳಗಿಳಿದು ಬಂದರು.

ಅವಳು ಎಳೆದಳು. ಟಕ್. ಐದರಿಂದ ನಾಲ್ಕು.

"ಅತ್ತಿಗೆ, ಬೇಡ! ಅದು ಅಣ್ಣನ ಸೆಟಿಂಗ್!" ಮೈದುನನ ದನಿ ಒಡೆಯಿತು. ಅದರಲ್ಲಿ ಸಿಟ್ಟಿಗಿಂತ ಅಳುವೇ ಹೆಚ್ಚಿತ್ತು.

"ಗೊತ್ತು ಕಣೋ. ನಿನ್ನಣ್ಣ ನನ್ನ ಗಂಡ. ನಿನಗಿಂತ ಕಮ್ಮಿ ಅತ್ತಿಲ್ಲ ನಾನು." ಟಕ್. "ಆದ್ರೆ ನಿನ್ನ ಐದು ನಿಮಿಷದಿಂದ ಇದರ ಎಂಜಿನ್‌ನಲ್ಲಿ ನೀರು ತುಂಬಿತ್ತು. ನಾನು ಬಿಚ್ಚದೆ ಇದ್ದಿದ್ರೆ ನಿನ್ನ ಹಾಲ್‌ನಲ್ಲಿ ತುಕ್ಕು ಇಡಬೇಕಾಗಿತ್ತು." ಟಕ್. "ಈ ಬೈಕ್ ಓಡಿಸೋಳು ನಾನು. ನನ್ನ ತೂಕ ಐವತ್ತಾರು." ಟಕ್.

ಬಲಗಡೆಯದನ್ನೂ ನಾಲ್ಕು ಸಲ ಎಳೆದಳು. ಎದ್ದು ನಿಂತು ಅಂಗಡಿಯ ಕಡೆ ಕೂಗಿದಳು. "ಟೇಪ್ ತಗೊಂಡು ಬನ್ನಿ!"

ಟೈಲರ್ ಬಂದ. ಅವಳು ಶೆಡ್ಡಿನ ಗೋಡೆಗೆ ಬೆರಳೂರಿ ಬೈಕ್ ಹತ್ತಿದಳು, ಮೂರು ಜನ ನೋಡುತ್ತಿದ್ದಂತೆ ಅವನು ಮೊಣಕಾಲೂರಿ ಅಳೆದ. "ಒಂದಿಂಚು," ಅಂದ.

"ಸರಿ." ಅವಳು ಇಳಿದು ನಿಂತಳು. "ಇನ್ನೊಂದು ವಿಷಯ. ಆಮೇಲೆ ಯಾರೋ ಹೇಳಿ ಗೊತ್ತಾಗೋದು ಬೇಡ, ನಾನೇ ಹೇಳ್ತೀನಿ. ನನಗೆ ಇವರಂದ್ರೆ ಇಷ್ಟ. ಕದ್ದುಮುಚ್ಚಿ ಬುಧವಾರ ಮಾತ್ರ ಅಲ್ಲ, ವಾರದ ಏಳು ದಿನಾನೂ. ಅಂಗಡಿ ಖಾಲಿ ಮಾಡಿಸೋದಿದ್ರೆ ಮೇಲಿನ ಮನೆನೂ ಖಾಲಿಯಾಗುತ್ತೆ. ಅತ್ತೆ, ನಿಮ್ಮನ್ನ ಬಿಟ್ಟು ಹೋಗೋಕೆ ನನಗೆ ಮನಸ್ಸಿಲ್ಲ. ಆದ್ರೆ ಇದನ್ನ ಬಿಟ್ಟು ಇಲ್ಲಿರೋಕೂ ಆಗಲ್ಲ."

ಮೈದುನ ಅಮ್ಮನ ಮುಖ ನೋಡಿದ. ಟೈಲರ್ ನೆಲ ನೋಡುತ್ತಿದ್ದ, ಕಿವಿ ಕೆಂಪಗಾಗಿತ್ತು. ಅತ್ತೆ ನಿಧಾನವಾಗಿ ಬಂದು ಪೆಟ್ರೋಲ್ ಟ್ಯಾಂಕಿನ ಮೇಲೆ ಕೈಯಿಟ್ಟರು.

"ನನ್ನ ಮಗ ಇದನ್ನ ಒಂದು ದಿನಾನೂ ನಿಲ್ಲಿಸಿಟ್ಟವನಲ್ಲ," ಅಂದರು. "ನಿಂತ ಬೈಕಿನ ಮುಂದೆ ಅತ್ತು ಅತ್ತು ನನಗೂ ಸಾಕಾಗಿದೆ. ಆ ವ್ಯಾನ್ ಕಳಿಸೋ. ನೀನು ಹೋಗೇ, ಹೋಗಿ ಬಾ. ಉಳಿದಿದ್ದು ನನಗೆ ಅರಗಿಸ್ಕೊಳ್ಳೋಕೆ ಸ್ವಲ್ಪ ಟೈಮ್ ಬೇಕು."

ಅವಳು ಹೆಲ್ಮೆಟ್ ಹಾಕಿಕೊಂಡು ಹತ್ತಿದಳು. ಎರಡೂ ಪಾದ ನೆಲಕ್ಕೆ ಊರಿದವು. ಟೈಲರನ ಕಡೆ ನೋಡಿ, "ಈಗ ನೀವು ಬರಬೇಡಿ. ಮೊದಲ ಸಲ ಒಬ್ಬಳೇ ಹೋಗಬೇಕು," ಅಂದಳು.

"ಹೋಗಿ. ನಾನು ಇಲ್ಲೇ ಇರ್ತೀನಿ."

ರಸ್ತೆಯಲ್ಲಿ ಮೊದಲ ತಿರುವಿಗೆ ಭಯವಾಯಿತು, ಎರಡನೆಯದಕ್ಕೆ ಆಗಲಿಲ್ಲ. ಊರಾಚೆಯ ನೇರ ರಸ್ತೆಯಲ್ಲಿ ಅವಳ ಮುಂದೆ ಯಾರ ಬೆನ್ನೂ ಇರಲಿಲ್ಲ. ಹತ್ತು ವರ್ಷ ಅದೇ ಬೈಕಿನಲ್ಲಿ ತಿರುಗಿಯೂ ಅವಳು ಎದುರಿನ ರಸ್ತೆಯನ್ನು ನೋಡಿರಲಿಲ್ಲ. ಗಂಡನನ್ನು ನೆನೆದು ಅತ್ತಳು, ಆಮೇಲೆ ಜೋರಾಗಿ ನಕ್ಕಳು, ಹಿಂದಿನಿಂದ ಬಂದ ಬಸ್ಸಿಗೆ ದಾರಿ ಕೊಡಲೇ ಇಲ್ಲ.

ಒಂದು ಗಂಟೆ ಬಿಟ್ಟು ವಾಪಸು ಬಂದಾಗ ವ್ಯಾನ್ ಇರಲಿಲ್ಲ, ಮೈದುನನೂ ಇರಲಿಲ್ಲ. ಅತ್ತೆ ಮೇಲಿನ ಕಿಟಕಿಯಲ್ಲಿದ್ದರು. ಟೈಲರ್ ಗೇಟಿನ ಬಳಿ, ಹೋಗುವಾಗ ನಿಂತಿದ್ದ ಜಾಗದಲ್ಲೇ ನಿಂತಿದ್ದ. ಅವಳು ಎಂಜಿನ್ ಆರಿಸಲಿಲ್ಲ, ಹಿಂದಿನ ಸೀಟಿನ ಕಡೆ ತಲೆ ಆಡಿಸಿದಳು.

"ಹತ್ತಿ."

ಅವನು ಕಿಟಕಿ ನೋಡಿದ, ಬೀದಿ ನೋಡಿದ, ಅವಳನ್ನು ನೋಡಿದ. "ಎಲ್ಲರೂ ನೋಡ್ತಾರೆ."

"ನೋಡಲಿ."

"ಸ್ಪ್ರಿಂಗ್ ನಿಮ್ಮೊಬ್ಬರಿಗೇ ಸೆಟ್ ಮಾಡಿದೆ. ನಾನು ಕೂತ್ರೆ ಕುಗ್ಗುತ್ತೆ."

"ಕುಗ್ಗಲಿ ಬಿಡಿ," ಅಂದಳು ಅವಳು. "ಗಟ್ಟಿಯಾಗಿ ಹಿಡ್ಕೊಳ್ಳಿ."